ಒರೆಸಿಬಿಟ್ಟ ಅರಿಷಿಣ

ಇಸವಿ ಕಾಣಲೆಂದು ಆ ಬೆಳ್ಳಿ ರೂಪಾಯಿಯನ್ನು ಕರ್ಚೀಫಿನಿಂದ ಗಸಗಸ ತಿಕ್ಕುತ್ತಿದ್ದೆ. ಗಾಜಿನ ಕಪಾಟು ತೆಗೆದು ಅದನ್ನು ನನ್ನ ಕೈಗಿಟ್ಟಿದ್ದ ಮಾಸ್ತರರು ನನ್ನ ಕೈಯನ್ನೇ ನೋಡತೊಡಗಿದರು. ಮೊರಬದ ಈ ನಿವೃತ್ತ ಮಾಸ್ತರರು ಮನೆಯ ಪಡಸಾಲೆಯನ್ನೇ ಹಳೆಯ ನೋಟು, ನಾಣ್ಯಗಳ ಸಂಗ್ರಹಾಲಯ ಮಾಡಿದ್ದಾರೆ. ನನಗೂ ಅದೇ ಹುಚ್ಚು. ನೋಡಲೆಂದೇ ಅಣ್ಣಿಗೇರಿಯಿಂದ ಹೋಗಿದ್ದೆ.

“ಇಷ್ಟು ಛಲೋ ನಾಣ್ಯದ ಮ್ಯಾಲೆ ಹಿಂಗ ಹೊಲಸು ಕುಂಡ್ರಾಕ ಬಿಟ್ಟೀರಲ್ರಿ ಸರ್” ಎಂದು ಬುದ್ಧಿ ಬೇರೆ ಹೇಳಿದೆ.

ಅವರು ನಾಣ್ಯ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಹೊಲಸಲ್ರಿ ಅದು, ಅರಿಷಿಣ. ದೀಪಾವಳಿ ಲಕ್ಷ್ಮೀ ಪೂಜಿಗೆ ನಮ್ಮವ್ವ ಪ್ರತಿ ವರ್ಷ ಹಚ್ಚತಿದ್ಲು. ಆಕಿ ತೀರಿಕೊಂಡ ಮ್ಯಾಲೆ ನಾ ಅದನ್ನ ತೊಳದಿದ್ದಿಲ್ರಿ.” ಆಮೇಲೆ ನನ್ನ ಮುಖ ನೋಡಿ, “ಇರ್ಲಿ ಬಿಡ್ರಿ, ಚಾ ಕುಡೀರಿ” ಎಂದರು. ನಾಣ್ಯದ ಮೇಲೆ ಯಾವ ಇಸವಿ ಇತ್ತೆಂಬುದೂ ಈಗ ನೆನಪಿಲ್ಲ.

ಮನೆಗೆ ಬಂದು ನನ್ನ ಪೆಟ್ಟಿಗೆ ತೆಗೆದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ನಾಣ್ಯಗಳೆಲ್ಲ ಲಕಲಕ ಹೊಳೆಯುತ್ತಿದ್ದವು. ಬಂದವರಿಗೆಲ್ಲ ಆ ಹೊಳಪನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದೆ. ಯಾರ್ಯಾರ ಅವ್ವಂದಿರು ಹಚ್ಚಿದ ಅರಿಷಿಣ ತೊಳೆದುಹಾಕಿದ್ದೇನೋ.