ಕಾಕಿಯ ಕಣ್ಣೀರಿನ ದಾರಿ

ಮೊನ್ನೆ ಬಳ್ಳಾರಿಯ ಕಣ್ಣಿನ ಆಸ್ಪತ್ರೆಯಲ್ಲಿ ವೈದ್ಯರು ನನ್ನ ಕಣ್ಣಿನ ಮೂಲೆಯಿಂದ ಉಪ್ಪುನೀರು ಹಾಯಿಸಿದರು. ಅದು ಮೂಗಿನೊಳಗಿಂದ ಇಳಿದು ಗಂಟಲಿಗೆ ತಗಲಿದ ಕೂಡಲೇ ಕುರುಗೋಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಿ ನೆನಪಾದರು. ಅವರ ಗಂಟಲಿಗೆ ಆ ಉಪ್ಪು ಬಂದಿರಲಿಲ್ಲ...

ಕಾಕಿಯ ಬಲಗಣ್ಣು ಸದಾ ಸುರಿಯುತ್ತಿತ್ತು. ಬಲಗಣ್ಣೇ? ಸೆರಗಿನ ತುದಿ ಮತ್ತೆಮತ್ತೆ ಮುಖಕ್ಕೆ ಹೋಗುತ್ತಿದ್ದುದಷ್ಟೇ ಖಚಿತ. ಉಳಿದದ್ದನ್ನು ನಾನೇ ತುಂಬಿಕೊಂಡಿರಬಹುದು. "ನನ್ನ ಕಣ್ಣಿಗೆ ಬುದ್ಧಿ ಇಲ್ಲಲೇ, ನಕ್ರೂ ಅಳತೈತಿ" ಎಂದು ತಾವೇ ನಗುತ್ತಿದ್ದರು.

ಮಗಳಿಗೆ ಸಿರುಗುಪ್ಪದ ಸಂಬಂಧ ನಿಶ್ಚಯವಾದಾಗ ಆ ನಗು ನಿಂತಿತು. ಮಗಳ ಉಡಿ ತುಂಬುವಾಗ ಅಕ್ಕಿಯ ಮೇಲೆ ಕಣ್ಣೀರು ಬಿದ್ದರೆ ಅಪಶಕುನವೆಂದು ಕಾಕಿಯ ಅತ್ತೆ ಹೇಳಿಬಿಟ್ಟರು. ಮದುವೆಯೊಳಗೆ ಕಣ್ಣು ಒಣಗಬೇಕು. ಇಲ್ಲವಾದರೆ ತಾಯಿ ಉಡಿ ತುಂಬುವಂತಿಲ್ಲ.

ಬಳ್ಳಾರಿಯಲ್ಲಿ ಪದವಿ ಓದುತ್ತಿದ್ದ ನಾನು ಅವರನ್ನು ವೈದ್ಯರ ಬಳಿ ಕರೆದೊಯ್ದೆ. ಹಾಯಿಸಿದ ಉಪ್ಪುನೀರು ಹೊರಗೇ ಚಿಮ್ಮಿತು. ವೈದ್ಯರು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು: ಹುಬ್ಬಿನ ಹೊರತುದಿಯ ಕೆಳಗೆ ಕಣ್ಣೀರಿನ ಗ್ರಂಥಿ; ಮೂಗಿನ ಕಡೆಗೆ ರೆಪ್ಪೆಗಳ ಅಂಚಿನಲ್ಲಿ ಸೂಜಿಮೊನೆಯಂಥ ಎರಡು ರಂಧ್ರ, ಅಲ್ಲಿಂದ ಸಣ್ಣ ನಾಳ, ಒಂದು ಚೀಲ, ಮೂಗಿಗಿಳಿಯುವ ಕಾಲುವೆ.

"ನೀವು ಅಳಾಕತ್ತಿಲ್ಲಮ್ಮ, ನೀರು ಇಳಿಯೋ ದಾರಿ ಕಟ್ಟೈತಿ. ಮೂಗಿನ ಎಲುಬಿನಾಗ ಹೊಸ ದಾರಿ ಮಾಡಬಹುದು."

ಬಸ್ಸಿನಲ್ಲಿ ಕಾಕಿ ಅದನ್ನೇ ಹೇಳಿಕೊಂಡು ಬಂದರು, "ನಾ ಅಳಾಕತ್ತಿಲ್ಲಂತ."

ಅವರ ಅತ್ತೆ ಒಪ್ಪಲಿಲ್ಲ. "ಎಲುಬು ಕೊರಿಸ್ಕೊಂಡು, ಮೂಗಿಗೆ ಪಟ್ಟಿ ಹಚ್ಕೊಂಡು ಮದಿವ್ಯಾಗ ಕುಂದರ್ತೀಯೇನ?" ಎಂದವರು ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಕಣ್ಣಿನ ಮೂಲೆಗೆ ಬರೆ ಹಾಕಿದರು. ಓಣಿಯ ಮಕ್ಕಳಿಗೆಲ್ಲ ಬರೆ ಹಾಕಿ ಪಳಗಿದ ಕೈ. ಕಾಕಿ ತಾವೇ ಮುಖ ಒಡ್ಡಿದರಂತೆ. ನಾನು ಅಲ್ಲಿರಲಿಲ್ಲ. ಆದರೂ ಸುಟ್ಟ ಅರಿಶಿನದ ವಾಸನೆ ನೆನಪಿದೆ... ಹೇಗೋ ತಿಳಿಯದು.

ಗಾಯ ಕೀವಾಗಿ ಮಾಯುವಷ್ಟರಲ್ಲಿ ಎರಡೂ ರಂಧ್ರಗಳು ಕಲೆಯಡಿ ಮುಚ್ಚಿಹೋಗಿದ್ದವು. ವೈದ್ಯರು ಬೆಳಕು ಹಿಡಿದು ನೋಡಿದರು. "ಈಗ ಒಳಗ ದಾರಿ ಮಾಡಿದ್ರೂ ನೀರು ಹೋಗಾಕ ಬಾಯೇ ಉಳಿದಿಲ್ಲಮ್ಮ."

ಮದುವೆಯಲ್ಲಿ ಉಡಿ ತುಂಬಿದ್ದು ರೂಪನಗುಡಿಯಿಂದ ಬಂದ ಮಗಳ ಚಿಕ್ಕಮ್ಮ. ಕಾಕಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕೆನ್ನೆ ಎಂದಿನಂತೆ ಒದ್ದೆಯಾಗಿತ್ತು.

ಅವರು ತೀರಿಕೊಂಡು ವರ್ಷವಾಯಿತು. ಆಸ್ಪತ್ರೆಯಿಂದ ಬಂದವನು ಸಿರುಗುಪ್ಪದಲ್ಲಿರುವ ಕಾಕಿಯ ಮಗಳಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ ಅವಳು ಕೇಳಿದಳು, "ಅಣ್ಣಾ, ಉಡಿ ತುಂಬುವಾಗ ನಂಗ ತಿರುಗಿ ನೋಡಾಕ ಬಿಡಲಿಲ್ಲ. ಅವ್ವ ಅತ್ತಿದ್ಲೇನು?"

ಕೆನ್ನೆ ಒದ್ದೆಯಾಗಿತ್ತು ಎಂದಷ್ಟೇ ಹೇಳಿದೆ. ಅತ್ತಿದ್ದರೋ ಇಲ್ಲವೋ ಗೊತ್ತಿದ್ದವರು ಕಾಕಿ ಒಬ್ಬರೇ.