ಮಿದುಳಿನದಲ್ಲದ ಅಲೆಗಳು

ಕೂಡ್ಲಿಗಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಇ.ಇ.ಜಿ. ತೆಗೆಯುತ್ತೇನೆ. ರೋಗಿಯ ತಲೆಗೆ ಪುಟ್ಟ ಬಿಲ್ಲೆಗಳನ್ನು ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಆ ಅಲೆಗಳ ಜೊತೆಗೆ ಕಣ್ಣು ಮಿಟುಕಿಸಿದ್ದು, ಕೆಮ್ಮಿದ್ದು, ಪಕ್ಕದ ಕೋಣೆಯ ಕರೆಂಟು ಎಲ್ಲವೂ ಬೆರೆತು ಬರುತ್ತವೆ. ಅವನ್ನೆಲ್ಲ ಸೋಸಿ, ಓದಲು ಬರುವಂತೆ ಮಾಡಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ನರರೋಗದ ಡಾಕ್ಟರು ದಾವಣಗೆರೆಯಿಂದ ವಾರಕ್ಕೊಮ್ಮೆ ಬರುತ್ತಾರೆ. ನಮಗೆಲ್ಲ ಅವರು ಮೇಡಂ.

ಒಂದು ಬುಧವಾರ ಹಡಗಲಿ ಕಡೆಯ ಹೆಣ್ಣುಮಗಳೊಬ್ಬಳು ಅತ್ತೆಯ ಜೊತೆ ಬಂದಳು. ವಯಸ್ಸು ಮೂವತ್ತರ ಆಸುಪಾಸು, ಆದರೆ ನಡಿಗೆ ನಿದ್ದೆಗಣ್ಣಿನಲ್ಲಿ ಎದ್ದು ಬಂದವರದು. ಅತ್ತೆಯೇ ಮಾತು ಶುರು ಮಾಡಿದರು.

"ನಮ್ಮ ಸೊಸಿ ಲಗೇಜ್ ಆಟೋ ಹೊಡೀತಿದ್ಲು ರೀ. ಮಲ್ಲಿಗಿ ಹೂವು ತುಂಬ್ಕೊಂಡು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಎಲ್ಲಾ ಕಡಿಗೂ ಮುಟ್ಟಸ್ತಿದ್ಲು. ಈಗ ಮೂರ್ಛಿರೋಗ ಐತಿ ಅಂದಾರ. ಗಾಡಿ ಕೀಲಿ ನಾನಾ ಕಸ್ಗೊಂಡೀನಿ."

"ಕಸ್ಗೊಂಡಿದ್ದಷ್ಟ ಅಲ್ರಿ, ಅಕ್ಕಿ ಡಬ್ಬಿಯಾಗ ಬಚ್ಚಿಟ್ಟಾರ," ಎಂದಳು ಸೊಸೆ. ಆ ನಿದ್ದೆಯ ಮುಖದಲ್ಲೂ ಸಿಟ್ಟು ಎಚ್ಚರವಾಗಿತ್ತು.

ನಡೆದದ್ದಿಷ್ಟು. ನೆಂಟರ ಮದುವೆಯೊಂದರಲ್ಲಿ ಹಸಿದ ಹೊಟ್ಟೆಯಲ್ಲಿ ಬಿಸಿಲಿಗೆ ನಿಂತಿದ್ದಳು, ಬಿದ್ದಳು, ಕೈಕಾಲು ಅದುರಿದವು. ಬೇರೆ ಊರಲ್ಲಿ ಇ.ಇ.ಜಿ. ತೆಗೆಸಿದರು. ಅಲೆಗಳಲ್ಲಿ ಮೂರ್ಛೆರೋಗದ ಚೂಪಾದ ಮೊನೆಗಳಿವೆ ಎಂದು ರಿಪೋರ್ಟು ಬಂತು, ಗುಳಿಗೆ ಶುರುವಾಯಿತು. ಅಂದಿನಿಂದ ಈ ಮಂಪರು.

ಮೇಡಂ ಅವಳನ್ನೇ ಕೇಳಿದರು: "ಬೀಳೋಕೆ ಮುಂಚೆ ಏನಾತು?"

"ಕಿವಿ ಗುಂಯ್ ಅಂತ್ರಿ. ಮೈಯೆಲ್ಲಾ ಬೆವತು ಕಣ್ಣು ಕತ್ತಲಿ ಬಂತು. ಎಚ್ಚರಾದಕೂಡ್ಲೆ ನೀರು ಕೇಳೀನಿ."

ಅವರಿಬ್ಬರೂ ಹೊರಗೆ ಹೋದ ಮೇಲೆ ಮೇಡಂ ನನಗೆ ಹೇಳಿದರು: "ಇದು ಬರೀ ತಲೆಸುತ್ತಿ ಬಿದ್ದಂಗೈತೆ. ಹಂಗೆ ಬಿದ್ರೂ ಕೈಕಾಲು ಅದುರೋದುಂಟು. ಆದ್ರೆ ರಿಪೋರ್ಟು ಬೇರೆ ಹೇಳ್ತೈತೆ. ಪ್ರಿಂಟು ಸಾಲಲ್ಲ, ಮೂಲ ರೆಕಾರ್ಡಿಂಗ್ ತರಿಸು."

ಮುಂದಿನ ವಾರ ಅವಳ ಗಂಡ ಅದನ್ನು ಪೆನ್ ಡ್ರೈವಿನಲ್ಲಿ ತಂದುಕೊಟ್ಟ. ತೆರೆದು ನೋಡಿದರೆ ಎರಡೂ ಕಪಾಳದ ಮೇಲೆ, ಕಿವಿಯ ಹತ್ತಿರ ಅಂಟಿಸಿದ ಬಿಲ್ಲೆಗಳ ಗೆರೆಗಳಲ್ಲಿ ಮೊನೆಗಳು ನಿಜವಾಗಿಯೂ ಇದ್ದವು. ಮನಸ್ಸು ಕುಗ್ಗಿತು. ಅಭ್ಯಾಸಬಲದಿಂದ ಪರದೆಯ ಅಂಚಿಗೆ ಕಣ್ಣು ಹಾಯಿಸಿದೆ. ವೇಗದ ಅಲೆಗಳನ್ನು ತಡೆಯುವ ಫಿಲ್ಟರನ್ನು ಯಾರೋ ತೀರಾ ಕೆಳಗೆ ಇಳಿಸಿಟ್ಟಿದ್ದರು. ರೆಕಾರ್ಡಿಂಗ್ ಗಲೀಜಾಗಿ ಬಂದಾಗ ಚೊಕ್ಕಟವಾಗಿ ಕಾಣಲೆಂದು ಹಾಗೆ ಮಾಡುವುದುಂಟು. ನಾನು ಅದನ್ನು ಇರಬೇಕಾದಲ್ಲಿಗೆ ಏರಿಸಿದೆ. ಮೊನೆಗಳು ಮಾಯವಾದವು! ಅವು ಇದ್ದ ಜಾಗದಲ್ಲಿ ಜಾಲಿಪೊದೆಯಂಥ ದಟ್ಟ ಗೀಟುಗಳು. ಮಿದುಳು ಹಾಗೆ ಬರೆಯುವುದಿಲ್ಲ. ಅದು ಹಲ್ಲು ಕಚ್ಚಿದಾಗ ದವಡೆಯ ಸ್ನಾಯು ಬರೆಯುವ ಗೀಟು. ಫಿಲ್ಟರು ಅದರ ಮೈಯನ್ನು ಹೆರೆದು ಮೊನೆ ಮಾಡಿತ್ತು.

ಮೇಡಂ ಅವರನ್ನು ಕೂಗಿದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಇಳಿಸಿದೆ, ಮೊನೆ. ಏರಿಸಿದೆ, ಪೊದೆ.

"ಇನ್ನೊಂದ್ಸಲ," ಎಂದರು. ಅವರ ಮುಖ ಅರಳಿತ್ತು. ಆದರೂ ಅವಸರ ಮಾಡಲಿಲ್ಲ. "ಈ ಪೊದೆ ಕೆಳಗೆ ನಿಜವಾದದ್ದೂ ಅಡಗಿರಬಹುದು. ಶುದ್ಧವಾದದ್ದು ಒಂದು ನಾವೇ ತೆಗೆಯಾಣ."

ಎಣ್ಣೆ ಹಚ್ಚದೆ, ತಲೆ ತೊಳೆದುಕೊಂಡು, ಹೊಟ್ಟೆ ತುಂಬ ಉಂಡು ಬಾ ಎಂದು ಅವಳಿಗೆ ಹೇಳಿ ಕಳಿಸಿದೆವು. ಮರುವಾರ ಅತ್ತೆಯ ಜೊತೆ ಬಂದಳು. ಬಿಲ್ಲೆ ಅಂಟಿಸುವ ಒಂದೊಂದು ಜಾಗವನ್ನೂ ಉಜ್ಜಿ ಪೇಸ್ಟ್ ಹಚ್ಚಿದೆ. ಪರದೆ ತುಂಬ ಕರೆಂಟಿನ ಗುಂಗು. ಅದನ್ನು ಅಳಿಸುವ ಫಿಲ್ಟರೂ ಇದೆ, ಒಂದು ಗುಂಡಿ ಒತ್ತಿದರೆ ಆಯಿತು. ಅವತ್ತು ಒತ್ತಲು ಮನಸ್ಸಾಗಲಿಲ್ಲ. ಏರ್ ಕೂಲರ್ ಆರಿಸಿ ಪ್ಲಗ್ ಕಿತ್ತೆ, ಮೊಬೈಲ್ ಚಾರ್ಜರ್ ತೆಗೆದೆ, ಸಡಿಲವಾಗಿದ್ದ ಬಿಲ್ಲೆಯನ್ನು ಮತ್ತೆ ಅಂಟಿಸಿದೆ. ಗುಂಗು ನಿಂತಿತು.

ಕಪಾಳದ ಪೊದೆ ಮಾತ್ರ ಕದಲಲಿಲ್ಲ.

"ಹಲ್ಲು ಕಚ್ಚಬ್ಯಾಡವ್ವ, ಬಾಯಿ ಸಡಲ ಬಿಡು."

"ಸಡಲಾನ ಬಿಟ್ಟೀನಕ್ಕ."

ಬಿಟ್ಟಿರಲಿಲ್ಲ. ಹೆದರಿದ್ದಳು. ನಾನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ: "ಕಣ್ಣು ಮುಚ್ಚು. ಮಾತಾಡಬ್ಯಾಡ. ಮನಸಿನಾಗ ಗಾಡಿ ಹೊಡಿ. ಹಡಗಲಿ ಬಿಟ್ಟಿ, ಗಾಡಿ ತುಂಬ ಹೂವು, ರೋಡು ಖಾಲಿ ಐತಿ."

ಸ್ವಲ್ಪ ಹೊತ್ತಿಗೆ ಅವಳ ತುಟಿ ತಾನಾಗಿ ಬಿಚ್ಚಿಕೊಂಡಿತು. ಕಪಾಳದ ಗೆರೆಗಳು ತೆಳ್ಳಗಾದವು. ತಲೆಯ ಹಿಂಭಾಗದ ಗೆರೆಗಳಲ್ಲಿ, ಕಣ್ಣು ಮುಚ್ಚಿ ನಿರಾಳವಾಗಿರುವವರಲ್ಲಿ ಮೂಡುವ ಆ ಸಮನಾದ ಅಲೆಗಳು ಒಂದರ ಹಿಂದೊಂದು ಬಂದವು. ಎಷ್ಟೋ ಸಲ ನೋಡಿದವಳು ನಾನು, ಆದರೂ ಪರದೆಯಿಂದ ಕಣ್ಣು ಕೀಳಲಿಲ್ಲ. ಅವಳು ಹಾಗೇ ನಿದ್ದೆ ಹೋದಳು. ನಿದ್ದೆಯ ಅಲೆಗಳೂ ಸಿಕ್ಕವು. ಎದ್ದ ಮೇಲೆ ಜೋರಾಗಿ ಉಸಿರಾಡಿಸಿದೆ, ಕಣ್ಣ ಮುಂದೆ ಬೆಳಕು ಮಿನುಗಿಸಿದೆ. ಎಲ್ಲೂ ಒಂದು ಮೊನೆ ಇಲ್ಲ. ಕೊನೆಗೆ ಬೇಕೆಂದೇ ಹಲ್ಲು ಕಚ್ಚಿಸಿ, ಫಿಲ್ಟರ್ ಇಳಿಸಿದೆ. ಹಳೆ ರಿಪೋರ್ಟಿನ ಮೊನೆಗಳೇ ಸಾಲಾಗಿ ಎದ್ದು ನಿಂತವು.

ಮೇಡಂ ಮೊದಲಿನಿಂದ ಕೊನೆಯವರೆಗೆ, ಸೋಸದ್ದನ್ನೂ ಸೋಸಿದ್ದನ್ನೂ ನೋಡಿ ಅತ್ತೆಯನ್ನು ಒಳಗೆ ಕರೆದರು. ಇದು ಮೂರ್ಛೆರೋಗವಲ್ಲ, ಹಲ್ಲು ಕಚ್ಚಿದ್ದರ ಗೀಟು ಎಂದು ಹೇಳಿದರೂ ಆಕೆಗೆ ನಂಬಿಕೆ ಬರಲಿಲ್ಲ.

"ನಾನು ಹಲ್ಲು ಕಚ್ಚಿದ್ರೂ ಹಿಂಗಾ ಬರ್ತತೇನು?"

"ಬರ್ತತ್ರಿ. ನೋಡ್ತೀರೇನು?" ಎಂದೆ ನಾನು.

ಆಕೆ ತಾನೇ ಹೋಗಿ ಕುರ್ಚಿಯಲ್ಲಿ ಕೂತರು. ಕಪಾಳಕ್ಕೆ ಬಿಲ್ಲೆ ಅಂಟಿಸಿ ಫಿಲ್ಟರ್ ಇಳಿಸಿದೆ. ಕಚ್ಚಿದರು. ಪರದೆ ಮೊನೆಗಳಿಂದ ತುಂಬಿಹೋಯಿತು.

"ಯವ್ವಾ! ಹಂಗಾರ ನನಗೂ ಗುಳಿಗಿ ಕೊಡ್ತಿದ್ರು!"

ಸೊಸೆ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗಂತೂ ಕುಣಿಯಬೇಕೆನಿಸಿತ್ತು.

ಆಮೇಲೆ ಹೃದಯದ ಪರೀಕ್ಷೆ, ರಕ್ತದ ಪರೀಕ್ಷೆ ಆದವು. ರಕ್ತ ಕಡಿಮೆ ಇತ್ತು, ಅದಕ್ಕೆ ಔಷಧಿ ಬಂತು. ಮೂರ್ಛೆಯ ಗುಳಿಗೆಯನ್ನು ಮೇಡಂ ಒಮ್ಮೆಲೇ ನಿಲ್ಲಿಸದೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು. ಪ್ರತಿ ಸಲ ಬಂದಾಗಲೂ ಅವಳ ಕಣ್ಣು ಇನ್ನಷ್ಟು ಬಿಚ್ಚಿರುತ್ತಿತ್ತು, ಮಾತು ಇನ್ನಷ್ಟು ಚುರುಕಾಗಿರುತ್ತಿತ್ತು. ಕೊನೆಗೊಂದು ದಿನ ಮೇಡಂ, "ಇನ್ನು ಗಾಡಿ ತೆಗಿಯವ್ವ," ಎಂದರು.

ಆ ಎರಡು ರೆಕಾರ್ಡಿಂಗುಗಳನ್ನು, ಯಾರದೆಂದು ತಿಳಿಯದಂತೆ ಮಾಡಿ, ಅವಳ ಒಪ್ಪಿಗೆ ಪಡೆದು, ದಾವಣಗೆರೆಯಲ್ಲಿ ಈ ಕೆಲಸ ಕಲಿಯುವವರಿಗೆ ನನ್ನಿಂದಲೇ ತೋರಿಸಿದರು ಮೇಡಂ. ನಾಲ್ಕು ಜನರ ಮುಂದೆ ನಿಂತು ಮಾತಾಡಿದವಳಲ್ಲ ನಾನು. ಫಿಲ್ಟರ್ ಏರಿಸಿದಾಗ ಕೋಣೆಯಲ್ಲಿ "ಓ" ಎಂಬ ಉದ್ಗಾರ ಎದ್ದಿತಲ್ಲ, ಅದನ್ನು ಕೇಳಿದ ಮೇಲೆ ಮಾತು ಸಲೀಸಾಗಿ ಬಂತು.

ಹೋದ ವರ್ಷ ಒಂದು ಬೆಳಿಗ್ಗೆ ಕೊಟ್ಟೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಾರ್ನ್ ಹೊಡೆಯುತ್ತ ಲಗೇಜ್ ಆಟೋ ಒಂದು ಬಂತು. ಅವಳೇ! ನನ್ನನ್ನು ಕಂಡು ವೇಗ ತಗ್ಗಿಸಿದಳು, ಆದರೆ ನಿಲ್ಲಿಸಲಿಲ್ಲ. "ಹೂವು ಬಾಡ್ತಾವಕ್ಕಾ, ಆಮ್ಯಾಗ ಸಿಗ್ತೀನಿ!" ಎಂದು ಕೂಗಿ, ಕೈ ಬೀಸಿ ಹೋಗೇಬಿಟ್ಟಳು. ಸುತ್ತಲಿನವರು ನೋಡುತ್ತಿದ್ದರೂ ನಾನು ರಸ್ತೆಯಲ್ಲೇ ಗಟ್ಟಿಯಾಗಿ ನಕ್ಕೆ.