ಗುರುತಿನ ಸಪ್ಪಳ

ಸ್ಟೇಷನ್ ರಸ್ತೆಯ ಸೈಫುದ್ದೀನ ಮಿಸ್ತ್ರಿ ಕಾರನ್ನು ನೋಡುವುದಿಲ್ಲ, ಕೇಳುತ್ತಾನೆ. ಬಾನೆಟ್ ಎತ್ತುವ ಮೊದಲೇ ಕಣ್ಣು ಮುಚ್ಚಿ, "ಇದಕ್ಕ ನೆಗಡಿ ಆಗೈತಿ" ಎನ್ನುತ್ತಾನೆ. ತಿಕೋಟಾದ ಶ್ರೀಮಂತನೊಬ್ಬ ತನ್ನ ಕೆಂಪು ಸ್ಪೋರ್ಟ್ಸ್ ಕಾರಿಗೆ ಹೊಸ ಹೆಡರ್ ತಂದಾಗ, ಎಂಜಿನ್ನಿನ ಹೊಗೆ ಉಗುಳುವ ಆ ಕೊಳವೆಗಳ ಗೊಂಚಲನ್ನು ಮಿಸ್ತ್ರಿ ದ್ರಾಕ್ಷಿ ಕೊಳ್ಳುವವನಂತೆ ಎತ್ತಿ ಹಿಡಿದು ನೋಡಿದ. ಹಳೆಯದರ ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, "ಬಾರ ಯವ್ವಾ, ಹಟಾ ಮಾಡಬ್ಯಾಡ" ಎಂದು ರಮಿಸಿ ಬಿಚ್ಚಿದ. ಹೊಸದು ಕೂತು ಕಾರು ಹೋರಿಯಂತೆ ಹೂಂಕರಿಸಿದಾಗ ಶ್ರೀಮಂತ ಕುಣಿದಾಡಿದ. ಮಿಸ್ತ್ರಿ ಮಾತ್ರ ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದ: "ಮೊದಲ ಮನಿ ಮುಂದ ನಿಂತು ನಾಕ ಸಲ ರೇಸ್ ಮಾಡ್ರಿ. ಮನ್ಯಾಗಿನವರಿಗೆ ಗುರುತಾಗ್ಲಿ." ಶ್ರೀಮಂತ ನಕ್ಕ, ಮಿಸ್ತ್ರಿ ನಗಲಿಲ್ಲ. ಹಿಂದೊಮ್ಮೆ ಅವನು ತನ್ನ ಸ್ಕೂಟರಿಗೆ ಹೊಸ ಸೈಲೆನ್ಸರ್ ಹಾಕಿಕೊಂಡು ಹೆಮ್ಮೆಯಿಂದ ಮನೆ ಮುಂದೆ ನಿಂತಾಗ, ಕಣ್ಣು ಮಂಜಾದ ಹೆಂಡತಿ ಶಹಜಾದಿ ಒಳಗಿನಿಂದಲೇ ಕೂಗಿ ಹೇಳಿದ್ದಳು: "ಅವರು ಇನ್ನಾ ಬಂದಿಲ್ರಿ, ಆಮ್ಯಾಲ ಬರ್ರಿ." ಅಂದು ಸಂಜೆಯೆಲ್ಲ ಅವನು ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಓಣಿಯ ತುಂಬ ಸ್ಕೂಟರ್ ಓಡಾಡಿಸಿದ. ಈಗ ಅವನು ತಿರುವಿನಲ್ಲಿರುವಾಗಲೇ ಮನೆಯ ಬಾಗಿಲು ತೆರೆದುಕೊಳ್ಳುತ್ತದೆ.